ಹುಡುಗ ತುಂಬಾ ಸಿಂಪಲ್ಲು

"ಹುಡುಗ ತುಂಬಾ ಸಿಂಪಲ್ಲು ಕಣ್ರೀ" ಎಂದು ವಿಮಲಮ್ಮ ಹೇಳಿಹೋದ ಮೇಲೆ ವಿಶಾಲಾಕ್ಷಮ್ಮನಿಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಶನಿವಾರಸಂತೆಯ ಸುತ್ತಮುತ್ತ ಸಂಬಂಧ ಕುದುರಿಸುವುದರಲ್ಲಿ ವಿಮಲಮ್ಮ ಎತ್ತಿದ ಕೈ. ಮಗಳು ಸೌಜನ್ಯಳಿಗೆ ಅವರು ತಂದ ಹುಡುಗ ಕೀರ್ತಿಕುಮಾರ್, ಕುಶಾಲನಗರದ ಹಾರಂಗಿ ರಸ್ತೆಯಲ್ಲಿ ಕಾಫಿ, ಕರಿಮೆಣಸಿನ ಗಿಡಗಳ ನರ್ಸರಿ ನಡೆಸುತ್ತಿದ್ದ. ಮನೆತನ ಸರಿ, ಫೋಟೋ ಸರಿ. ಆ ಒಂದು ಮಾತು ಮಾತ್ರ ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ಕಾಡಿತು.

ಸಿಂಪಲ್ ಅಂದರೇನು? ಪಕ್ಕದ ಮನೆಯ ಧರ್ಮಪಾಲ "ಸಿಂಪಲ್ಲಾಗಿ ಗೃಹಪ್ರವೇಶ" ಎಂದು ಕರೆದು ಊರಿಗೆ ಊರನ್ನೇ ಕೂರಿಸಿ ಉಣ್ಣಿಸಿದ್ದ. ಸೀರೆ ಅಂಗಡಿಯವನು ಯಾರಿಗೂ ಬೇಡವಾದ ಸೀರೆಯನ್ನು ಸಿಂಪಲ್ ಎನ್ನುತ್ತಾನೆ. ಇನ್ನು ಮೈದುನ ಚಿದಾನಂದ. ಅವನ ಮದುವೆಗೆ ಮುಂಚೆ ಹೆಣ್ಣಿನವರ ಮುಂದೆ ಇದೇ ಮಾತು ಹೇಳಿದ್ದವರು ತಮ್ಮ ಮನೆಯವರೇ. ಆಮೇಲೆ ಸಂತೆಯಲ್ಲಿ ಪರಿಚಯವಾದ ಯಾರೋ "ವಿರಾಜಪೇಟೆಗೆ ಹೋಗಿ ಬಂದ್ಬಿಡ್ತೀನಿ" ಅಂದಿದ್ದಕ್ಕೆ ಆ ಮಹಾರಾಯ ಜೀಪಿನ ಕೀಲಿ ಕೊಟ್ಟಿದ್ದ. ಜೀಪು ಹೋದದ್ದು ಹೋಯಿತು. "ಏನೋ ತೊಂದರೆ ಆಗಿರ್ಬೇಕು ಅತ್ತಿಗೆ, ಬರ್ತಾನೆ" ಎಂದು ಈಗಲೂ ಅನ್ನುತ್ತಾನೆ.

ಮರುದಿನವೇ ವಿಶಾಲಾಕ್ಷಮ್ಮ ಗಂಡನಿಗೆ ತಂಗಿಯ ಮನೆ ಎಂದು ಹೇಳಿ ಕುಶಾಲನಗರದ ಬಸ್ಸು ಹತ್ತಿದರು. ಅಲ್ಲಿಂದ ಆಟೋ ಹಿಡಿದು ನರ್ಸರಿ ಮುಂದೆ ಇಳಿದರು. ಕೈಯೆಲ್ಲ ಮಣ್ಣು ಮಾಡಿಕೊಂಡ ಯುವಕನೊಬ್ಬ ಎದ್ದು ಬಂದ. ಫೋಟೋದಲ್ಲಿದ್ದವನೇ.

"ಮೆಣಸಿನ ಗಿಡ ಬೇಕಿತ್ತು."

"ಬನ್ನಿ ಅಮ್ಮಾ. ಆದ್ರೆ ಈ ಸಾಲಿಂದು ಬೇಡ, ಬೇರು ಯಾಕೋ ಕಪ್ಪಗಾಗ್ತಿದೆ. ಆ ಕಡೆದು ನೋಡಿ."

ತನ್ನ ಮಾಲನ್ನು ತಾನೇ ಹಳಿಯುವ ವ್ಯಾಪಾರಿ! ವಿಶಾಲಾಕ್ಷಮ್ಮನಿಗೆ ಚಿದಾನಂದನ ನೆನಪಾಯಿತು. ನೇರವಾಗಿ ಕೊನೆಯ ಪರೀಕ್ಷೆಗೇ ಇಳಿದರು. "ಗಿಡ ಸಾಗ್ಸೋಕೆ ಅಲ್ಲಿ ನಿಂತಿರೋ ನಿನ್ನ ಪಿಕಪ್ ಗಾಡಿ ಕೊಡ್ತೀಯೇನಪ್ಪ? ನಾಳೆ ವಾಪಸ್ ಕಳಿಸ್ತೀನಿ."

ಅವನು ಅಂಗೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡು, ಜೇಬಿನಿಂದ ಕೀಲಿ ತೆಗೆದು ಕೊಟ್ಟೇಬಿಟ್ಟ.

"ಅಯ್ಯೋ ಶಿವನೇ!" ಎಂದರು ವಿಶಾಲಾಕ್ಷಮ್ಮ. "ಗುರುತು ಪರಿಚಯ ಇಲ್ಲದೋರಿಗೆ ಹಿಂಗೆ ಗಾಡಿ ಕೊಡ್ತಾರೇನೋ?"

"ಗುರುತಿಲ್ದೆ ಏನು? ನೀವು ಸೌಜನ್ಯ ಅವ್ರ ಅಮ್ಮ ಅಲ್ವಾ? ಕಳಿಸಿದ್ದ ಫೋಟೋದಲ್ಲಿ ಪಕ್ಕದಲ್ಲೇ ನಿಂತಿದ್ರಲ್ಲ. ಆಟೋ ಇಳಿದಾಗ್ಲೇ ಗೊತ್ತಾಯ್ತು."

"ಮತ್ತೆ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀವು ಗಿಡ ಕೇಳಿದ್ರಿ. ಗಿಡ ತೋರಿಸ್ದೆ."

ವಿಶಾಲಾಕ್ಷಮ್ಮನ ಮುಖ ಕೆಂಪಾಯಿತು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. "ನೀನು ಪೆದ್ದನೋ ಏನೋ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ ಕಣಪ್ಪ" ಎಂದುಬಿಟ್ಟರು.

ಕೀರ್ತಿಕುಮಾರ್ ತಲೆ ಹಿಂದಕ್ಕೆ ಚೆಲ್ಲಿ ನಕ್ಕ. ಒಳಗಿನಿಂದ ಕುರ್ಚಿ ತಂದು ಹಾಕಿದ, ಬೆಲ್ಲದ ಕಾಫಿ ಕೊಟ್ಟ, ಎದುರಿಗೆ ಮಗುಚಿಟ್ಟ ಬಕೆಟಿನ ಮೇಲೆ ಕುಳಿತು, "ಹಾಗಾದ್ರೆ ನಾನೂ ಒಂದು ಕೇಳ್ಲಾ? ನಿಮ್ಮ ಮಗಳು ಹೇಗೆ?" ಎಂದ.

ನಮ್ಮ ಹುಡುಗಿನೂ ತುಂಬಾ ಸಿಂಪಲ್ಲು ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ವಿಶಾಲಾಕ್ಷಮ್ಮ ಅದನ್ನು ಕಾಫಿಯ ಜೊತೆ ನುಂಗಿದರು. "ಕೋಪ ಮೂಗಿನ ಮೇಲೆ. ಬೆಳಿಗ್ಗೆ ಎದ್ದ ಕೂಡ್ಲೇ ಮಾತಾಡ್ಸೋ ಹಾಗಿಲ್ಲ. ಅಡಿಗೆ ಅಷ್ಟಕ್ಕಷ್ಟೆ. ಆದ್ರೆ ಒಳಗೊಂದು ಹೊರಗೊಂದು ಇಲ್ಲ."

"ಅಷ್ಟು ಸಾಕು" ಎಂದ ಅವನು.

ಬಸ್ ಸ್ಟ್ಯಾಂಡಿನ ತನಕ ಅವನೇ ಪಿಕಪ್ಪಿನಲ್ಲಿ ಬಿಟ್ಟುಬಂದ. ವಿಶಾಲಾಕ್ಷಮ್ಮ ಮನೆಗೆ ಬಂದು ಎಲ್ಲವನ್ನೂ ಹೇಳಿದ ಮೇಲೆ ಗಂಡ ಜವರಪ್ಪ, "ನನಗೆ ಹೇಳಿದ್ರೆ ನಾನೂ ಬರ್ತಿದ್ನಲ್ಲೇ" ಎಂದು ಗೊಣಗಿದರೇ ಹೊರತು ಬೇಡ ಎನ್ನಲಿಲ್ಲ.

ಮುಂದಿನ ಭಾನುವಾರ ಸೌಜನ್ಯ ತಾನೇ ಹೋಗಿ ಹುಡುಗನನ್ನು ಕಂಡು ಬಂದಳು. ಚಪ್ಪಲಿ ಬಿಡುವ ಮೊದಲೇ ಕೂಗಾಡಿದಳು. "ಅಡಿಗೆ ವಿಷ್ಯ ಯಾಕಮ್ಮ ಹೇಳ್ದೆ? ಬೆಳಿಗ್ಗೆ ಎಷ್ಟು ಗಂಟೆ ಆದ್ಮೇಲೆ ಮಾತಾಡ್ಬಹುದು ಅಂತ ಕೇಳ್ತಾನೆ!"

"ನೀನೇನಂದೆ?"

"ಎಂಟು ಅಂದೆ" ಎಂದು ದುರುಗುಟ್ಟಿ ನೋಡಿ ಒಳಗೆ ಹೋದಳು. ವಿಶಾಲಾಕ್ಷಮ್ಮ ವಿಮಲಮ್ಮನಿಗೆ ಫೋನು ಮಾಡಲು ಕುಳಿತರು.