ಹೊಡೆತವೋ, ತಪ್ಪೋ

ಚೆಂಡು ಲೂಥರ್ ಗೇನ್ಸ್‌ನ ಗ್ಲೋವಿನ ತುದಿಯನ್ನು ಸವರಿಕೊಂಡು ಹಿಂದಿನ ಹುಲ್ಲಿಗೆ ಓಡಿಹೋಯಿತು. ಬ್ಯಾಟುಗಾರ ಮೊದಲ ಬೇಸ್ ಮುಟ್ಟಿ ನಿಂತ. ಮೂರು ಸಾವಿರ ಜನ ಆಟ ನೋಡುವುದನ್ನು ಬಿಟ್ಟು, ಕತ್ತು ತಿರುಗಿಸಿ, ಮೇಲೆ ಮರದ ಹಲಗೆಯಲ್ಲಿ ಕಟ್ಟಿದ ವರದಿಗಾರರ ಗೂಡಿನತ್ತ ನೋಡಿದರು.

ಗೂಡಿನಲ್ಲಿ ಮೈಕಿನ ಮುಂದೆ ಕೂತಿದ್ದವನು ಓರ್ವಿಲ್ ಕೆಸ್ಲರ್. ಹತ್ತೊಂಬತ್ತು ವರ್ಷದಿಂದ ಕೆಂಡ್ರಿಕ್ ಊರಿನ ಪತ್ರಿಕೆಗೆ ಬೇಸ್‌ಬಾಲ್ ವರದಿ ಬರೆಯುತ್ತಿದ್ದ. ಆರು ವರ್ಷದಿಂದ ರೇಡಿಯೋದಲ್ಲಿ ಆಟ ಹೇಳುತ್ತಿದ್ದ. ಆಟದ ದಾಖಲೆ ಬರೆಯುವವನೂ ಅವನೇ. ಬ್ಯಾಟುಗಾರ ಬೇಸ್ ಮುಟ್ಟಿದ್ದು ಸ್ವಂತ ಹೊಡೆತದಿಂದಲೋ, ಫೀಲ್ಡರನ ತಪ್ಪಿನಿಂದಲೋ ಎಂದು ಅವನು ಹೇಳಿದ್ದೇ ಕೊನೆ.

ಬೇರೆ ದಿನವಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇವತ್ತು ಊರಿನ ತಂಡಕ್ಕೆ ಚೆಂಡೆಸೆಯುವ ಪಿಚರ್ ಲೈಲ್ ಹ್ಯಾನ್ರಹಾನ್ ಎದುರಾಳಿಗಳಿಗೆ ಒಂದೇ ಒಂದು ಹೊಡೆತವನ್ನೂ ಬಿಟ್ಟುಕೊಟ್ಟಿರಲಿಲ್ಲ. ಇಪ್ಪತ್ತೇಳು ಔಟಿನ ಪಂದ್ಯದಲ್ಲಿ ಇಪ್ಪತ್ತಾರು ಆಗಿದ್ದವು. ಇನ್ನೊಬ್ಬ ಔಟಾದರೆ ಪಂದ್ಯ ಮುಗಿಯಿತು. ಈಗಿನದು ಫೀಲ್ಡರನ ತಪ್ಪು ಎಂದು ದಾಖಲಾದರೆ ಲೈಲ್‌ನ ಅಪರೂಪದ ಸಾಧನೆ ಉಳಿಯುತ್ತದೆ, ಹೊಡೆತ ಎಂದಾದರೆ ಹೋಗುತ್ತದೆ. ಶಿಕಾಗೋದಿಂದ ದೊಡ್ಡ ತಂಡವೊಂದಕ್ಕೆ ಆಟಗಾರರನ್ನು ಆರಿಸುವ ಪರೀಕ್ಷಕ ಬಂದು ಮೂರನೇ ಸಾಲಿನಲ್ಲಿ ಕೂತಿದ್ದ. ಲೈಲ್‌ಗೆ ಮೂವತ್ತಮೂರು. ಇಂಥ ಮಧ್ಯಾಹ್ನ ಅವನಿಗೆ ಇನ್ನೊಂದು ಸಿಗುವುದಿಲ್ಲ. ಓರ್ವಿಲ್‌ನ ಮಗಳಿಗೆ ಚರ್ಚಿನಲ್ಲಿ ಹೆಸರಿಡುವಾಗ ಮಗುವನ್ನು ಎತ್ತಿಕೊಂಡು ನಿಂತವನು ಇದೇ ಲೈಲ್.

"ತಪ್ಪು! ತಪ್ಪು!" ಎಂದು ಜನ ಹಲಗೆಗಳನ್ನು ಒದೆಯತೊಡಗಿದರು.

"ಓರ್ವಿಲ್, ಕಣ್ಣಿಗೆ ಪೊರೆ ಬಂತೇನೋ? ಆ ಕರಿಯನ ಕೈಯಿಂದ ಜಾರಿದ್ದು ಕಾಣ್ಲಿಲ್ವಾ?" ಎಂದು ಕೆಳಗಿನ ಸಾಲಿನಿಂದ ಒಬ್ಬ ಕೂಗಿದ.

ಲೂಥರ್ ಈ ತಂಡದ ಅಂಗಿ ತೊಟ್ಟ ಮೊದಲ ಕಪ್ಪು ಹುಡುಗ. ಮೇ ತಿಂಗಳಲ್ಲಿ ಬಂದಿದ್ದ. ಮೂರನೇ ಬೇಸಿನ ಹತ್ತಿರ ಮಣ್ಣನ್ನೇ ನೋಡುತ್ತ ನಿಂತಿದ್ದ.

ಗೂಡಿನ ಫೋನು ಬಡಿದುಕೊಂಡಿತು. ತಂಡದ ಮಾಲೀಕ ಬ್ರ್ಯಾಂಟ್. ಓರ್ವಿಲ್ ಮೈಕನ್ನು ಅಂಗೈಯಿಂದ ಮುಚ್ಚಿದ.

"ತಪ್ಪು ಅಂತ ಬರ್ಕೊಳಯ್ಯಾ. ಯೋಚ್ನೆ ಮಾಡೋಕೇನಿದೆ ಇದ್ರಲ್ಲಿ?"

"ಚೆಂಡು ಹುಲ್ಲಿನಂಚಿಗೆ ತಾಗಿ ಭುಜದೆತ್ತರ ಎಗರ್ತು, ಸಾರ್."

"ಆ ಹುಡುಗನ ಹೆಸರಲ್ಲಿ ಒಂದು ತಪ್ಪು ಜಾಸ್ತಿಯಾದ್ರೆ ಪ್ರಪಂಚ ಮುಳುಗಲ್ಲ. ಲೈಲ್‌ಗೆ ಬಾಳು ಸಿಗತ್ತೆ. ಮೈಕು ನಂದು, ನೆನಪಿರ್ಲಿ."

ಓರ್ವಿಲ್ ಕಣ್ಣು ಮುಚ್ಚಿ ಮನಸ್ಸಿನಲ್ಲಿ ಚೆಂಡನ್ನು ಇನ್ನೊಮ್ಮೆ ಬರಗೊಟ್ಟ. ಲೂಥರ್ ಮೈಯನ್ನೆಲ್ಲ ಚಾಚಿ ಹಾರಿದ್ದ. ಅಂಥ ಚೆಂಡನ್ನು ಹಿಡಿಯುವವನನ್ನು ಹತ್ತೊಂಬತ್ತು ವರ್ಷದಲ್ಲಿ ಓರ್ವಿಲ್ ಕಂಡಿರಲಿಲ್ಲ. ತಪ್ಪು ಎಂದು ಒಂದು ಅಕ್ಷರ ಗೀಚಿದರೆ ಊರೆಲ್ಲ ನಗುತ್ತ ಮನೆಗೆ ಹೋಗುತ್ತದೆ. ನಗದವನು ಲೂಥರ್ ಒಬ್ಬನೇ, ಅವನು ಬಾಯಿ ಬಿಡುವವನೂ ಅಲ್ಲ.

ಅಂಗೈಯನ್ನು ಮೈಕಿನಿಂದ ತೆಗೆದ.

"ಹೊಡೆತ," ಅಂದ. ಗದ್ದಲದಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. "ಅದು ಹೊಡೆತ, ಕೇಳುಗರೇ. ಲೈಲ್ ಇವತ್ತು ಬಿಟ್ಟುಕೊಟ್ಟ ಮೊದಲ ಹೊಡೆತ."

ಫಲಕದ ಮೇಲೆ ಹೊಡೆತಗಳ ಸಾಲಿನಲ್ಲಿ ಸೊನ್ನೆ ಇಳಿದು ಒಂದು ಏರಿತು. ಬಿಯರಿನ ಲೋಟವೊಂದು ಗೂಡಿನ ಗೋಡೆಗೆ ಅಪ್ಪಳಿಸಿತು. ಮುಂದಿನ ಬ್ಯಾಟುಗಾರ ಎರಡನೇ ಎಸೆತಕ್ಕೇ ಔಟಾದ. ಊರು ಗೆದ್ದಿತ್ತು, ಚಪ್ಪಾಳೆ ಮಾತ್ರ ಬೀಳಲಿಲ್ಲ. ಪರೀಕ್ಷಕ ಅಷ್ಟರಲ್ಲಿ ಎದ್ದು ಹೋಗಿದ್ದ. ಬ್ರ್ಯಾಂಟ್ ತಾನೇ ಮೆಟ್ಟಿಲು ಹತ್ತಿ ಬಂದು ಮೈಕಿನ ತಂತಿ ಕಿತ್ತು ಸುರುಳಿ ಸುತ್ತತೊಡಗಿದ.

ಓರ್ವಿಲ್ ಕೆಳಗಿಳಿದು ಬಂದಾಗ ಆಟಗಾರರ ಕೋಣೆಯ ಬಾಗಿಲಲ್ಲಿ ಲೂಥರ್ ನಿಂತಿದ್ದ. "ನನಗೆ ಉಪಕಾರ ಮಾಡಿದ್ರಿ ಅಂದ್ಕೋಬೇಡಿ, ಸಾರ್. ಹೊಡೆತ ಅಂದ್ರೂ, ತಪ್ಪು ಅಂದ್ರೂ, ಈ ಊರಿಗೆ ಆಟ ಕೆಡಿಸಿದೋನು ನಾನೇ."

"ಉಪಕಾರ ಅಲ್ಲಪ್ಪ. ಕಂಡಿದ್ದು ಹೇಳ್ದೆ."

ಲೂಥರ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಒಳಗೆ ಎಲ್ಲರೂ ಹೊರಟುಹೋಗಿದ್ದರು. ಲೈಲ್ ಒಬ್ಬನೇ ಬೆಂಚಿನ ಮೇಲೆ ಕೂತು ಭುಜಕ್ಕೆ ನೋವಿನೆಣ್ಣೆ ತಿಕ್ಕಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ.

"ಹಿಡಿಯೋಕಾಗ್ತಿತ್ತಾ ಅದು?"

"ಇಲ್ಲ, ಲೈಲ್."

ಲೈಲ್ ಎಣ್ಣೆ ಸೀಸೆಗೆ ಬಿರಡೆ ಹಾಕಿದ. "ಮನೇಲಿ ಹೆಂಡ್ತಿ ರೇಡಿಯೋ ಹಾಕ್ಕೊಂಡು ಕೂತಿದ್ಲು ಕಣೋ. ಅವಳು ಅದನ್ನ ನಿನ್ನ ಬಾಯಿಂದ ಕೇಳ್ಬೇಕಾಯ್ತು."

ಓರ್ವಿಲ್ ನಿಂತೇ ಇದ್ದ. ಹೊರಗೆ ಯಾರೋ ಬೇಸ್‌ಗಳನ್ನು ಕಿತ್ತು ಗಾಡಿಗೆ ಹಾಕುವ ಸದ್ದು ಕೇಳುತ್ತಿತ್ತು.

ಕೊನೆಗೆ ಲೈಲ್ ಬೆಂಚಿನ ಮೇಲಿದ್ದ ತನ್ನ ಟೊಪ್ಪಿಗೆಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. ಪಕ್ಕದಲ್ಲಿ ಇನ್ನೊಬ್ಬ ಕೂರುವಷ್ಟು ಜಾಗವಾಯಿತು.