ಓಟದ ದಿನ ಸತ್ತ ಕೂಸು

“ಲೇ ಹಣಮ್ಯಾ, ಹೆಣಾ ಮುಂದಿಟ್ಕೊಂಡು ಎಷ್ಟೊತ್ತು ಕುಂಡ್ರತಿಯೋ ಬೋಸುಡಿಮಗನ? ಇವತ್ತು ಐತವಾರ, ಫ್ಲ್ಯಾಟ್ ನೋಡಾಕ ಮಂದಿ ಬರ್ತಾರ. ನಿನ್ನ ಹೇಂತಿ ಬೊಬ್ಬಿ ಕೇಳಿದ್ರ ಯಾವನು ಮನಿ ತಗೊಂತಾನ? ಎತ್ತು ಮೊದಲ!”

ಮೇಸ್ತ್ರಿ ಬಾಯಿ ತೆಗೆದಾಗಲೆಲ್ಲ ತಂಬಾಕಿನ ಎಂಜಲು ಹಾರುತ್ತಿತ್ತು. ಒಂದು ಹನಿ ಕೂಸಿಗೆ ಸುತ್ತಿದ್ದ ಹಳೆ ಸೀರೆಯ ಮೇಲೂ ಬಿತ್ತು. ಹನುಮಂತ ಅದನ್ನು ಹೆಬ್ಬೆರಳಿನಿಂದ ಒರೆಸಿದ.

ಕೂಸು ಹುಟ್ಟಿದ್ದು ಇಲ್ಲೇ, ಗುಜರಾತಿ ಮಾತಿನ ಊರಿನ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ಏಳುತ್ತಿದ್ದ ಈ ಕಟ್ಟಡದ ಬುಡದ ತಗಡಿನ ಶೆಡ್ಡಿನಲ್ಲಿ. ಸಿಮೆಂಟು ಕಲಸಲು ತುಂಬಿಸಿಟ್ಟ ಡ್ರಮ್ಮಿನ ನೀರನ್ನೇ ಅದೂ ಕುಡಿದಿತ್ತು. ವಾಂತಿಭೇದಿ ಹತ್ತಿ, ಹೊಟ್ಟೆಯಲ್ಲಿ ಏನೂ ಉಳಿಯದಂತಾಗಿ, ಕೋಳಿ ಕೂಗುವ ಹೊತ್ತಿಗೆ ಸತ್ತಿತ್ತು. ಫ್ಲ್ಯಾಟ್ ನೋಡಲು ಬರುವವರಿಗಾಗಿ ಹೊರಗಿನ ಮೇಜಿನ ಮೇಲೆ ಸೀಲು ಒಡೆಯದ ನೀರಿನ ಬಾಟಲಿಗಳನ್ನು ಆಗಲೇ ಸಾಲಾಗಿ ಜೋಡಿಸಿದ್ದರು.

ಜಯಂತಿ ಅಳು ನಿಲ್ಲಿಸಿ ಗಂಡನ ಅಂಗಿ ಹಿಡಿದಳು. “ಹಾದ್ಯಾಗ ಎಲ್ಲೂ ಕೆಳಗ ಇಳಸಬ್ಯಾಡ. ಎಷ್ಟರ ಕೈ ಸೋಲಲಿ.”

ಅದನ್ನು ಅವಳು ಹೇಳಬೇಕಾಗಿರಲಿಲ್ಲ. ಅವರ ಮಂದಿಯಲ್ಲಿ ಸತ್ತ ಕೂಸನ್ನು ಮನೆಯಿಂದ ಕುಣಿಯವರೆಗೆ ಅಪ್ಪ ತೋಳಲ್ಲೇ ಒಯ್ಯಬೇಕು. ನಡುವೆ ನೆಲಕ್ಕಿಟ್ಟರೆ ಕೂಸಿನ ಜೀವ ಅಲ್ಲೇ ಕೂತುಬಿಡುತ್ತದೆ, ಊರಿಗೂ ಬರುವುದಿಲ್ಲ, ಮಣ್ಣಿಗೂ ಹೋಗುವುದಿಲ್ಲ. ಭಾಷೆ ಗೊತ್ತಿಲ್ಲದ ಈ ಊರಿನ ಯಾವುದೋ ರಸ್ತೆಯಲ್ಲಿ ತನ್ನ ಕೂಸು ಒಂಟಿಯಾಗಿ ಕೂರುವುದನ್ನು ನೆನೆದು ಹನುಮಂತ ಕೂಸನ್ನು ಎರಡೂ ತೋಳಲ್ಲಿ ಅವಚಿಕೊಂಡು ಎದ್ದ.

ಅಣ್ಣ ಸೀತಾರಾಮ ಸಲಿಕೆಯನ್ನು ಚೀಲದಲ್ಲಿ ಸುತ್ತಿಕೊಂಡು ಜೊತೆಗೆ ಹೊರಟ. ಮಕ್ಕಳನ್ನು ಹೂಳುವ ಜಾಗ ನದಿಯಾಚೆ ಇತ್ತು. ಆಟೋದವರು ಗಂಟಿನ ಆಕಾರ ನೋಡಿಯೇ ಗಾಡಿ ನಿಲ್ಲಿಸದೆ ಓಡಿಸಿದರು. ಕಡೆಗೆ ಸಿಟಿ ಬಸ್ಸು ಹತ್ತಿದರು. ಮನೆಗೆಲಸಕ್ಕೆ ಹೊರಟಿದ್ದ ಹೆಂಗಸೊಬ್ಬಳು ಏನೂ ಕೇಳದೆ ಎದ್ದು ಸೀಟು ಬಿಟ್ಟಳು. ಬಸ್ಸು ನಿಧಾನವಾಗಿ ತೆವಳಿದರೂ ರಸ್ತೆಯ ನಡುವೆ ಎರಡೂ ಬದಿಗೆ ಕಂಬಿಬೇಲಿ ಹಾಕಿ ಬಸ್ಸಿಗೆಂದೇ ಬಿಟ್ಟ ಹಾದಿಯಲ್ಲಿ ನೇರವಾಗಿ ಹೋಗುತ್ತಿತ್ತು.

ಕೆಲವು ನಿಲ್ದಾಣ ದಾಟುವಷ್ಟರಲ್ಲಿ ಡ್ರೈವರ್ ಎಂಜಿನ್ ಆರಿಸಿದ. “ಉತರೋ ಭಾಯಿ. ದೌಡ್ ಹೈ ಆಜ್. ದೋ ಘಂಟಾ ಬಸ್ ನಹೀ ಜಾಯೇಗಾ.”

ಇಳಿದು ನೋಡಿದರೆ, ಬಸ್ಸಿನ ಹಾದಿಯನ್ನು ಎರಡು ಗಂಟೆ ಓಟಗಾರರಿಗೆ ಬಿಟ್ಟುಕೊಟ್ಟಿದ್ದರು. ಅಡ್ಡಲಾಗಿ ಹಗ್ಗ ಕಟ್ಟಿತ್ತು. ಪಕ್ಕದ ರಸ್ತೆಯನ್ನೂ ಮುಚ್ಚಿದ್ದರು, ನದಿಯಾಚೆಗೆ ಬೇರೆ ಹಾದಿ ಇರಲಿಲ್ಲ. ಆಚೆಯಿಂದ ಬಣ್ಣಬಣ್ಣದ ಬನಿಯನ್ನು ತೊಟ್ಟ ಜನ ಏದುಸಿರು ಬಿಡುತ್ತ ಓಡಿಬರುತ್ತಿದ್ದರು. ಅರ್ಧ ಕುಡಿದ ಲೋಟಗಳನ್ನು, ಬಾಳೆಹಣ್ಣಿನ ಸಿಪ್ಪೆಗಳನ್ನು ಎಲ್ಲೆಂದರಲ್ಲಿ ಎಸೆದು, ಕ್ಯಾಕರಿಸಿ ಉಗಿದು ಮುಂದೆ ಹೋಗುತ್ತಿದ್ದರು. ಒಬ್ಬನಂತೂ ಹೆಂಗಸರು ನಿಂತಿದ್ದ ನಿಲ್ದಾಣದ ಗೋಡೆಗೇ ಚಡ್ಡಿ ಸರಿಸಿ ಉಚ್ಚೆ ಹೊಯ್ದ. ಓಟ ಮುಗಿದ ಮೇಲೆ ಸೈಕಲ್ಲುಗಳ ಮೆರವಣಿಗೆ ಇದೆಯಂತೆ. ಆದರೆ ಹ್ಯಾಂಡಲಿಗೆ ಊಟದ ಡಬ್ಬಿ ನೇತುಹಾಕಿಕೊಂಡು ಕೆಲಸಕ್ಕೆ ಹೊರಟಿದ್ದ ವಾಚ್‌ಮನ್ನನ ಸೈಕಲ್ಲನ್ನು ಹಗ್ಗದ ಈಚೆಯೇ ತಡೆದಿದ್ದರು. ಆ ಮೆರವಣಿಗೆಗೆ ಅಂಥ ಸೈಕಲ್ಲು ನಡೆಯುವುದಿಲ್ಲವಂತೆ.

“ಇವರವ್ವನ, ಬಸ್ ನಿಂದರಿಸಿ ಓಡ್ತಾರಂದ್ರ ಏನೋ ಇದು!” ಎಂದು ಸೀತಾರಾಮ ಗಟ್ಟಿಯಾಗಿಯೇ ಬೈದ.

ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು ಓಡಾಡುತ್ತಿದ್ದ ಒಬ್ಬರು ತಟ್ಟನೆ ತಿರುಗಿದರು. ಮುಖ ಅರಳಿತು.

“ಅರೆ, ಕನ್ನಡದವರೇನೋ? ಯಾ ಊರು?”

“ಸುರಪುರ ಕಡೀದವರ್ರಿ,” ಎಂದ ಹನುಮಂತ.

“ನಾವು ರಾಯಚೂರಿನವ್ರಪ್ಪಾ! ಜಯತೀರ್ಥ ಅಂತ, ಇಲ್ಲೇ ಬ್ಯಾಂಕಿನಾಗ ಮ್ಯಾನೇಜರ್ ಇದ್ದೀನಿ. ಈ ಓಟದ್ದೆಲ್ಲಾ ನಂದ ವ್ಯವಸ್ಥಾ. ಯಾರ ಪೈಕಿ ನೀವು?”

ಹನುಮಂತ ತಲೆ ತಗ್ಗಿಸಿ ಒಂದು ಹೆಜ್ಜೆ ಹಿಂದೆ ಸರಿದ. ಅಷ್ಟರಲ್ಲೇ ಜಯತೀರ್ಥರಿಗೆ ಅವನ ಜಾತಿ ತಿಳಿದಂತಾಯಿತು. ಆದರೂ ಊರ ಕಡೆಯ ಮಾತಿನ ಹುರುಪು ಇಳಿದಿರಲಿಲ್ಲ. ಸೀರೆಯಿಂದ ಹೊರಗೆ ಚಾಚಿದ್ದ ಪುಟ್ಟ ಪಾದವನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿದರು.

“ಕೂಸು ಮಲಗೇದೇನು? ಅಬ್ಬಾ, ಕಾಲು ಎಷ್ಟು ತಣ್ಣಗ ಆಗ್ಯಾವ! ಕಾಲುಚೀಲ ಹಾಕಬಾರದೇನೋ?”

“ಸತ್ತದರಿ. ಮಣ್ಣು ಮಾಡಾಕ ಹೊಂಟೀವಿ. ಈ ಹಾದೀಲಿ ನಡಕೋತ ಹೋಗಾಕ ಬಿಡ್ರಿ, ಅಷ್ಟ.”

“ರಾಮ ರಾಮ!” ಜಯತೀರ್ಥರು ಕೆಂಡ ತುಳಿದವರಂತೆ ಹಿಂದಕ್ಕೆ ಹಾರಿದರು. ಮುಟ್ಟಿದ ಕೈಯನ್ನು ಮೈಯಿಂದ ದೂರ ಹಿಡಿದು, “ಅದಿತೀ, ನೀರು! ಲವಕರ ನೀರು ತಾ!” ಎಂದು ಮಗಳನ್ನು ಕೂಗಿದರು. ಹುಡುಗಿ ಬಾಟಲಿಯ ಸೀಲು ಒಡೆದು ಸುರಿದಳು. ಮೊಳಕೈವರೆಗೆ ತಿಕ್ಕಿ ತೊಳೆದರು. ಸಾಲದೆ ಇನ್ನೊಂದು ಬಾಟಲಿ ಒಡೆಸಿದರು. ನೀರು ಹರಿದು ಹನುಮಂತನ ಬರಿಗಾಲಿನ ಕೆಳಗೆ ನಿಂತಿತು.

“ವಾಟ್ ಹ್ಯಾಪನ್ಡ್ ಪಪ್ಪಾ?” ಎಂದು ಹುಡುಗಿ ಕೇಳುತ್ತಲೇ ಇದ್ದಳು.

“ಮೊದಲ ಬಾಯಿ ಬಿಟ್ಟು ಹೇಳಲಿಕ್ಕೆ ಏನಾಗಿತ್ತಲೇ, ಹೊಲಸು ಮಂಗ್ಯಾನಮಗನ? ಈಗ ಮನಿಗೆ ಹೋಗಿ ಮತ್ತ ಸ್ನಾನ ಮಾಡಬೇಕು ನಾನು. ಸರಿ ಹಿಂದ! ಫೋಟೋ ತಗೀಲಿಕತ್ತಾರ. ಅಕಾ, ಅಲ್ಲಿ ಕೆಳಗಿಟ್ಟು ಕೂಡ್ರಿ.” ಅವರು ತೋರಿಸಿದ್ದು ಲೋಟ ಸಿಪ್ಪೆಗಳ ರಾಶಿಯನ್ನು.

“ಇಡಂಗಿಲ್ರಿ ಸಾಹೇಬ್ರ. ನಮ್ಮ ಮಂದ್ಯಾಗ ನೆಲಕ್ಕಿಡಂಗಿಲ್ಲ. ಕೈ ಸೋತಾವರಿ.”

“ಸೈಕಲ್ ಹೋಗಲಿ, ಆಮ್ಯಾಲ ಬಿಡ್ತೀವಿ. ಸತ್ತದ್ದಕ್ಕೇನಪ್ಪ ಅಷ್ಟು ಅವಸರ?”

ಸೀತಾರಾಮ ಚೀಲ ಕಿತ್ತೆಸೆದು ಸಲಿಕೆ ಎತ್ತಿದ. “ಏನಂದಿಲೇ, ಸೂಳೆಮಗನ?”

“ಬ್ಯಾಡೋ ಅಣ್ಣಾ. ಕುಣಿ ತೋಡಾಕ ಬೇಕದು,” ಎಂದ ಹನುಮಂತ. ತಲೆ ಬಗ್ಗಿಸಿ ಹಗ್ಗದ ಕೆಳಗೆ ನುಸುಳಿ ಬಸ್ಸಿನ ಹಾದಿಗೆ ಇಳಿದ.

ಸೀಟಿಗಳು ಮೊಳಗಿದವು. ಎದುರಿನಿಂದ ಓಟಗಾರರ ದೊಡ್ಡ ಗುಂಪೊಂದು ಬರುತ್ತಿತ್ತು. ಪಕ್ಕಕ್ಕೆ ಸರಿಯೆಂದು ಕೈಸನ್ನೆ ಮಾಡುತ್ತ, ಹಿಂದಿಯಲ್ಲಿ, ಗುಜರಾತಿಯಲ್ಲಿ ಬೈಯುತ್ತ ಹತ್ತಿರಾದರು. ಹನುಮಂತನ ಎರಡೂ ಕೈ ಕೂಸಿಗೇ ಬೇಕಾಗಿದ್ದವು. ಅವನು ಸೀರೆಯ ಅಂಚನ್ನು ಹಲ್ಲಿನಿಂದ ಕಚ್ಚಿ ಕೂಸಿನ ಮುಖದ ಮೇಲಿಂದ ಎಳೆದುಹಾಕಿದ. ನೀಲಿಗಟ್ಟಿದ ತುಟಿ, ಒಣಗಿದ ನೊರೆ, ಅರ್ಧ ತೆರೆದ ಕಣ್ಣು. ನೊಣಗಳು ಎದ್ದು ಮತ್ತೆ ಅಲ್ಲೇ ಕೂತವು.

“ಬರ್ರಿ!” ಎಂದು ಕೂಗಿದ. “ಯಾರ ಬರ್ತೀರಿ ಬರ್ರಿ. ಮುಟ್ಟಿ ನಿಂದರಸ್ರಿ ನೋಡಾಮು!”

ಮುಂದಿನವರು ಗಕ್ಕನೆ ನಿಂತರು. ಹಿಂದಿನವರು ಬಂದು ಅವರ ಬೆನ್ನಿಗೆ ಬಡಿದರು. ಒಬ್ಬಾಕೆ ಕುಡಿದ ಹಣ್ಣಿನ ರಸವನ್ನೆಲ್ಲ ತನ್ನ ಬೂಟಿನ ಮೇಲೆಯೇ ಕಕ್ಕಿಕೊಂಡಳು. ಮಿಕ್ಕವರು ಮೂಗು ಮುಚ್ಚಿಕೊಂಡು, ಬಟ್ಟೆ ತಗುಲದಂತೆ ಸಾವರಿಸಿಕೊಂಡು, ಎರಡೂ ಬದಿಯ ಕಂಬಿಗಳಿಗೆ ಒತ್ತಿ ನಿಂತರು. ಹನುಮಂತ ನಡುವೆ ನಡೆದ. ಸೀತಾರಾಮ ಸಲಿಕೆ ಹೆಗಲಿಗಿಟ್ಟುಕೊಂಡು ಹಿಂಬಾಲಿಸಿದ.

“ಪೊಲೀಸ್! ಪಕಡೋ ಉಸ್ಕೋ!” ಎಂದು ಜಯತೀರ್ಥರು ಹಗ್ಗದ ಆಚೆಯಿಂದಲೇ ಅರಚಿದರು.

ಲಾಠಿ ಹಿಡಿದ ಇಬ್ಬರು ಪೊಲೀಸರು ಹಾದಿಗೆ ಅಡ್ಡ ಬಂದು ನಿಂತರು. ಯಾರು ಮೊದಲು ಮುಟ್ಟಬೇಕು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನುಮಂತ ನಡಿಗೆ ನಿಲ್ಲಿಸಲಿಲ್ಲ.