ಎರಡು ನಮೂನೆ ಸ್ಟೆಂಟು

ಸೂಳೆಕೆರೆಯಲ್ಲಿ ಮೀನು ಹಿಡಿಯುವ ಕಲ್ಲೇಶಪ್ಪನಿಗೂ ಜಗಳೂರು ಕಡೆಯ ಸೊಕ್ಕೆಯಲ್ಲಿ ಮೆಕ್ಕೆಜೋಳ ಬೆಳೆಯುವ ದಾಸಪ್ಪನಿಗೂ ಗೆಳೆತನವಾದದ್ದು ದಾವಣಗೆರೆಯ ಆಸ್ಪತ್ರೆಯೊಂದರ ವಾರ್ಡಿನಲ್ಲಿ. ಇಬ್ಬರಿಗೂ ಅರವತ್ತು ದಾಟಿತ್ತು, ಇಬ್ಬರೂ ಹರೆಯದಿಂದ ಬೀಡಿ ಸೇದಿದವರು, ಇಬ್ಬರಿಗೂ ಒಂದೇ ಕಾಯಿಲೆ. ಹೃದಯದಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳ ಒಂದು ಕಡೆ ಬಲೂನಿನಂತೆ ಉಬ್ಬಿತ್ತು. ಒಡೆದರೆ ಬದುಕುವುದು ಕಷ್ಟ. ಡಾಕ್ಟರ್ ರೂಪಶ್ರೀ ತೊಡೆಯ ಸಂದಿನಿಂದ ಒಂದು ಸ್ಟೆಂಟು ತೂರಿಸಿ, ರಕ್ತ ಉಬ್ಬಿನ ಗೋಡೆಗೆ ತಾಗದೆ ಸ್ಟೆಂಟಿನೊಳಗೇ ಹರಿಯುವಂತೆ ಮಾಡಿದ್ದರು. ತಂತಿಯ ಬಲೆಗೆ ಬಟ್ಟೆ ಹೊದಿಸಿದ ಕೊಳವೆ ಅದು.

ವರ್ಷದ ತಪಾಸಣೆಗೆ ಇಬ್ಬರೂ ಒಟ್ಟಿಗೇ ಹೋದರು. ದಾಸಪ್ಪನ ಉಬ್ಬು ಚೆನ್ನಾಗಿ ಕುಗ್ಗಿತ್ತು. ಕಲ್ಲೇಶಪ್ಪನದು ಇದ್ದಷ್ಟೇ ಇತ್ತು. ಸಾಲದ್ದಕ್ಕೆ, ಉಬ್ಬಿಗಿಂತ ಮೇಲೆ ಸ್ಟೆಂಟು ಕಚ್ಚಿಕೊಂಡಿದ್ದ ಜಾಗದಲ್ಲಿ ನಾಳ ಕೊಂಚ ಅಗಲವಾಗಿತ್ತು.

"ಮೇಡಂ, ಅವ್ನಿಗೆ ಹಾಕಿದ್ದೇ ನಂಗೂ ಹಾಕೀರೇನ್ರಿ?" ಎಂದು ಕಲ್ಲೇಶಪ್ಪ ಕೇಳಿದ.

"ಇಲ್ಲಪ್ಪ, ನಿಮ್ಮದು ಬೇರೆ ನಮೂನೆ," ಎಂದರು ರೂಪಶ್ರೀ.

ಅವರು ಮುಂದೆ ಹೇಳಿದ್ದು ಯಾವುದೂ ಅವನ ಕಿವಿಗೆ ಬೀಳಲಿಲ್ಲ. ಒಳ್ಳೆಯದು ದಾಸಪ್ಪನಿಗೆ, ಉಳಿದದ್ದು ತನಗೆ ಎಂಬುದೊಂದೇ ಮನಸ್ಸಿನಲ್ಲಿ ಕೂತಿತು. ಊರಿಗೆ ಬಂದವನು ತೆಪ್ಪವನ್ನು ದಡದಲ್ಲಿ ಬೋರಲು ಹಾಕಿದ. ಬಲೆ ಎಳೆದರೆ ಹೊಟ್ಟೆಯೊಳಗೆ ಏನೋ ಹರಿದೀತು ಎಂಬ ಭಯ. ದಾಸಪ್ಪ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಮುಂದಿನ ತಪಾಸಣೆಯ ದಿನ ಹತ್ತಿರ ಬಂದಾಗ, ಹೋಗುವುದಿಲ್ಲ ಎಂದುಬಿಟ್ಟ.

"ಹಿಂಗೆ ಕುಂತ್ರೆ ನಾಳ ಸರಿ ಆಗ್ತೈತೇನ್ರಿ?" ಎಂದಳು ಹೆಂಡತಿ ಹುಲಿಗೆಮ್ಮ.

"ನೋಡಿಸಿದ್ರೆ ಇನ್ನೊಂದು ಕೆಟ್ಟ ಸುದ್ದಿ ಹೇಳ್ತಾರೆ. ನಂಗೆ ಅದನ್ನ ಕೇಳಾಕೆ ಆಗಲ್ಲ."

ಹುಲಿಗೆಮ್ಮ ಅವನೊಂದಿಗೆ ವಾದಕ್ಕಿಳಿಯದೆ ಸೊಕ್ಕೆಗೆ ಫೋನು ಮಾಡಿದಳು. ಎರಡು ಬಸ್ಸು ಬದಲಿಸಿ ದಾಸಪ್ಪ ಮನೆಯ ಮುಂದೆ ಬಂದು ನಿಂತ.

"ಯಾಕೋ ಕಲ್ಲೇಶಣ್ಣ, ನಾನು ಸತ್ತೆ ಅಂದ್ಕೊಂಡ್ಯಾ? ಫೋನು ಯಾಕೆ ಎತ್ತಲ್ಲ?"

"ನಿಂಗೇನಪ್ಪ, ನಿಂದು ಚಲೋ ಐತೆ."

"ಚಲೋ ಐತೆ ಅಂತ ನಾನೂ ತಪಾಸಣೆ ಬಿಡೋನಿದ್ದೆ. ನಿನ್ನ ಸಲುವಾಗಿ ಬಂದೀನಿ. ಏಳು, ಅಂಗಿ ಹಾಕ್ಕೋ."

ಅಷ್ಟು ದೂರದಿಂದ ಬಂದವನನ್ನು ಬರಿಗೈಲಿ ಕಳಿಸುವುದು ಹೇಗೆ? ಕಲ್ಲೇಶಪ್ಪ ಹೊರಟ.

ಸ್ಕ್ಯಾನ್ ಆದ ಮೇಲೆ ರೂಪಶ್ರೀ ಮೊದಲು ಅವನನ್ನೇ ಕರೆದರು. ಈ ಸಲ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು.

"ದಾಸಪ್ಪನವರ ನಾಳ ಉಬ್ಬಿನ ಮೇಲ್ಗಡೆ ಉದ್ದಕ್ಕೆ, ನೆಟ್ಟಗಿದೆ. ಅಲ್ಲಿ ಯಾವ ಸ್ಟೆಂಟಾದರೂ ನಿಲ್ಲುತ್ತೆ. ನಿಮ್ಮದು ಗಿಡ್ಡ, ಡೊಂಕು. ಅದಕ್ಕೇ ಕೊಕ್ಕೆ ಇರೋದು, ಹೊರಕ್ಕೆ ಜೋರಾಗಿ ಒತ್ತೋದು ಹಾಕಿದೆ. ಅವರದನ್ನು ನಿಮಗೆ ಹಾಕಿದ್ದರೆ ಜಾರುತ್ತಿತ್ತು. ಒತ್ತೋ ಸ್ಟೆಂಟು ನಾಳವನ್ನು ಸ್ವಲ್ಪ ಅಗಲ ಮಾಡುತ್ತೆ. ಸಾಮಾನ್ಯವಾಗಿ ಸ್ಟೆಂಟು ತನ್ನ ಅಳತೆಗೆ ಬಿಚ್ಚಿಕೊಂಡ ಮೇಲೆ ಹಾಗೆ ಅಗಲವಾಗೋದು ನಿಲ್ಲುತ್ತೆ. ನಿಮ್ಮದು ನಿಂತಿದೆ. ಉಬ್ಬೂ ಇಳಿಯೋಕೆ ಶುರುವಾಗಿದೆ."

"ಅಂದ್ರೆ ಕಡಿಮೆದು ಹಾಕಿರಲಿಲ್ಲ?"

"ನಿಮಗೆ ಹೊಂದೋದನ್ನು ಹಾಕಿದ್ದೆ. ಹೋದ ಸಲವೂ ಇದನ್ನೇ ಹೇಳಿದ್ದೆ, ನೀವು ಬಾಗಿಲ ಕಡೆ ನೋಡ್ತಾ ಇದ್ರಿ."

ಕಲ್ಲೇಶಪ್ಪ ನಾಚಿಕೊಂಡು ನಕ್ಕ. ಆದರೆ ದಾಸಪ್ಪನ ಸ್ಕ್ಯಾನ್ ನೋಡುವಾಗ ಡಾಕ್ಟರ ಮುಖ ಗಂಭೀರವಾಯಿತು. ಕುಗ್ಗಿದ್ದ ಉಬ್ಬು ಮತ್ತೆ ಹಿಗ್ಗತೊಡಗಿತ್ತು. ಸ್ಟೆಂಟಿನ ಕೆಳತುದಿ ಒಂದು ಕಡೆ ಜಾರಿ ರಕ್ತ ಉಬ್ಬಿನೊಳಕ್ಕೆ ನುಗ್ಗುತ್ತಿತ್ತು. ಇನ್ನೊಂದು ತುಂಡು ಜೋಡಿಸಿದರೆ ಸರಿಹೋಗುತ್ತದೆ, ಆದರೆ ತಡಮಾಡುವ ಹಾಗಿಲ್ಲ ಎಂದರು.

ದಾಸಪ್ಪ ಗೆಳೆಯನ ಕಡೆ ತಿರುಗಿದ. "ನಾನು ಬರದೇ ಇದ್ದಿದ್ರೆ?"

"ಬಂದೀಯಲ್ಲ, ಬಿಡು," ಎಂದ ಕಲ್ಲೇಶಪ್ಪ. "ಮನೇರು ಬರೋ ತನಕ ನಾನು ಇಲ್ಲೇ ಇರ್ತೀನಿ. ಆಮೇಲೂ ಇರ್ತೀನಿ."

ಮರುದಿನವೇ ತುಂಡು ಜೋಡಿಸಿದರು. ಒಳಗೆ ಕರೆದೊಯ್ಯುವಾಗ ದಾಸಪ್ಪ ಕಲ್ಲೇಶಪ್ಪನ ಕೈ ಹಿಡಿದಿದ್ದ. ನರ್ಸ್ ಬಂದು ಬಿಡಿಸಬೇಕಾಯಿತು. ಸೋರಿಕೆ ನಿಂತಿದೆ ಎಂದು ರೂಪಶ್ರೀ ಹೊರಬಂದು ಹೇಳಿದಾಗ ಕಲ್ಲೇಶಪ್ಪ ಗೋಡೆಗೆ ಒರಗಿ ಕಣ್ಣು ಒರೆಸಿಕೊಂಡ. ಹೋದ ವರ್ಷ ಇದೇ ಗೆಳೆಯನ ಒಳ್ಳೆಯ ಸುದ್ದಿಗೆ ಹೊಟ್ಟೆ ಉರಿದದ್ದು ನೆನಪಾಗಿ ಅವನಿಗೆ ತನ್ನ ಮೇಲೇ ಆಶ್ಚರ್ಯವಾಯಿತು.

ದೀಪಾವಳಿ ಕಳೆದ ಮೇಲೆ, ಡಾಕ್ಟರು ಭಾರದ ಕೆಲಸಕ್ಕೂ ಒಪ್ಪಿದಾಗ, ದಾಸಪ್ಪ ಸೂಳೆಕೆರೆ ನೋಡಲು ಬಂದ. ಕಲ್ಲೇಶಪ್ಪ ತೆಪ್ಪವನ್ನು ನೀರಿಗಿಳಿಸಿ ಅವನನ್ನು ಕೂರಿಸಿಕೊಂಡ. ಬಯಲುಸೀಮೆಯ ಮನುಷ್ಯ ಅಂಚನ್ನು ಎರಡೂ ಕೈಯಿಂದ ಅವುಚಿ ಹಿಡಿದ.

"ನಂಗೆ ಈಜಾಕೆ ಬರಲ್ಲ ಕಣೋ!"

"ಅಲ್ಲಾಡ್ಬೇಡ ಮತ್ತೆ," ಎಂದು ಕಲ್ಲೇಶಪ್ಪ ಹುಟ್ಟು ಹಾಕತೊಡಗಿದ.